ಗುರುಸಿದ್ದಮ್ಮನವರ ಕಡಗ

ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಅವರ ಸಾಮಾನೆಲ್ಲ ಇದ್ದಲ್ಲೇ ಕೂತುಬಿಡುತ್ತದೆ. ಮೈಮೇಲಿರುವುದು ಮಾತ್ರ ಹೆಣದ ಜೊತೆ ಹೋಗುತ್ತದೆ. ಉಳಿದದ್ದು, ಬಚ್ಚಲ ಹಂಡೆಯಿಂದ ಹಿಡಿದು ಗೂಡಿನಲ್ಲಿಟ್ಟ ಬಾಚಣಿಗೆಯವರೆಗೆ, ಕೂದಲೆಳೆಯಷ್ಟೂ ಅಲುಗುವುದಿಲ್ಲ. ಹಗ್ಗ ಹಾಕಿ ಎತ್ತಿನಿಂದ ಎಳೆಸಿದವರಿದ್ದಾರೆ, ಗರಗಸ ಹಾಕಿದವರೂ ಇದ್ದಾರೆ. ಎತ್ತಿಗೆ ಸುಸ್ತಾಯಿತು, ಗರಗಸದ ಹಲ್ಲು ಹೋಯಿತು, ಅಷ್ಟೇ. ಆ ವಸ್ತುವಿನ ಸರಿಯಾದ ಬೆಲೆಯನ್ನು ಯಾರಾದರೂ ಅದರೆದುರು ನಿಂತು ಹೇಳಿದರೆ ಮಾತ್ರ ಅದು ಏಳುತ್ತದೆ. ತಪ್ಪು ಹೇಳಿದರೆ ಏಳುವುದಿಲ್ಲ. ಮೂರು ಸಲ ತಪ್ಪಾದರೆ ಮತ್ತೆಂದೂ ಏಳುವುದಿಲ್ಲ. ಹಳೇಪೇಟೆ ರಸ್ತೆಯ ನಟ್ಟನಡುವೆ ಒಂದು ಸೈಕಲ್ ಹೀಗೆಯೇ ಮೂರು ಸಲ ತಪ್ಪು ಬೆಲೆ ಹೇಳಿಸಿಕೊಂಡು ಕೂತಿದೆ. ಬಸ್ಸುಗಳು ಹೋಗುವಾಗ ಅದರ ಎಡಕ್ಕೆ ಹೋಗುತ್ತವೆ, ಬರುವಾಗ ಬಲಕ್ಕೆ ಬರುತ್ತವೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಅಡುಗೆಮನೆ ಬಾಗಿಲಿಗೆ ಅಡ್ಡವಾಗಿ ಒಂದು ಕಡಾಯಿ ಕೂತು ಎರಡು ತಲೆಮಾರಾಯಿತು. ಆ ಮನೆಗೆ ಹೆಣ್ಣು ಕೊಡುವವರು ಹುಡುಗಿ ಸೀರೆ ಎತ್ತಿ ಹಿಡಿದು ಅದನ್ನು ದಾಟಬಲ್ಲಳೇ ಎಂದು ನೋಡಿಯೇ ಮಾತು ಮುಂದುವರಿಸುತ್ತಾರೆ.

ಯಾರು ಹೇಳಿದರೂ ಸಾಮಾನಿಗೆ ಕೇಳಿಸುತ್ತದೆ ಎನ್ನುವುದೇ ತೊಂದರೆ. ಆದ್ದರಿಂದ ಸಾವಿನ ಮನೆಯಲ್ಲಿ ಅರ್ಹತೆಯಿಲ್ಲದವರು ಅಂಕಿ ಉಚ್ಚರಿಸುವಂತಿಲ್ಲ. ಅಲ್ಲಿ ಗಂಟೆ ಎಷ್ಟಾಯಿತೆಂದು ಕೇಳಿದರೆ ಬಿಸಿಲು ಹೊಸಿಲಿಗೆ ಬಂತು ಎನ್ನುತ್ತಾರೆ; ಮಕ್ಕಳೆಷ್ಟು ಎಂದರೆ ಬೆರಳು ತೋರಿಸುತ್ತಾರೆ. ಬೆಲೆಯನ್ನು ನಾವು ದಿನಗಳಲ್ಲಿ ಹೇಳುತ್ತೇವೆ. ಒಂದು ಪೊರಕೆ ಕಾಲು ದಿನ, ಒಳ್ಳೆಯ ಮಂಚ ನಲವತ್ತು ದಿನ. ಮಾರುವವನಿಗೆ ಅವಸರವಿಲ್ಲ, ಕೊಳ್ಳುವವನಿಗೆ ಅವಸರವಿಲ್ಲ, ಆ ವಸ್ತು ಏನೆಂದು ಇಬ್ಬರಿಗೂ ಚೆನ್ನಾಗಿ ಗೊತ್ತು. ಹಾಗಿದ್ದಾಗ ಕೊಳ್ಳುವವನು ಅದಕ್ಕಾಗಿ ಎಷ್ಟು ದಿನ ದುಡಿಯಲು ಒಪ್ಪುತ್ತಾನೋ ಅದು ಬೆಲೆ. ಇದನ್ನು ನಾನು ಪರೀಕ್ಷೆಗೆ ಉರು ಹೊಡೆದದ್ದು. ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೆ ಹೇಳುತ್ತೇನೆ.

ಬೆಲೆ ಹೇಳುವವನಾಗುವುದು ಸುಲಭದ ಮಾತಲ್ಲ. ಹಿರಿಯರೊಬ್ಬರ ಕೈಕೆಳಗೆ ಏಳು ವರ್ಷ ಓಡಾಡಬೇಕು, ಮುನ್ನೂರು ಮನೆ ನೋಡಿರಬೇಕು, ಆಮೇಲೆ ಬರೆಯುವ ಪರೀಕ್ಷೆ, ಆಮೇಲೆ ಬೆಲೆ ಹೇಳುವವರ ಮಂಡಳಿಯವರು ಎದುರಿಗೆ ಕೂರಿಸಿಕೊಂಡು ಬೆವರಿಳಿಸುವ ಪರೀಕ್ಷೆ. ಪಾತ್ರೆಗೆ ಬೇರೆ, ಮರಕ್ಕೆ ಬೇರೆ, ಬಟ್ಟೆಗೆ ಬೇರೆ, ಆಭರಣಕ್ಕೆ ಬೇರೆ. ಪಾಸಾದದ್ದಕ್ಕೆ ಹಿತ್ತಾಳೆ ಬಿಲ್ಲೆ ಕೊಡುತ್ತಾರೆ. ನನ್ನ ಅಂಗಿಯ ಮೇಲೆ ಪಾತ್ರೆಯ ಬಿಲ್ಲೆ, ಮರದ ಬಿಲ್ಲೆ ಎರಡೇ ಇದ್ದವು. ಆಭರಣದ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಡುಮ್ಕಿ ಹೊಡೆದೆ; ಚಿನ್ನ ಕಂಡರೆ ನನಗೆ ಬಾಯಿ ಒಣಗುತ್ತದೆ. ಇಷ್ಟಲ್ಲದೆ ನಡತೆಯ ನಿಯಮಗಳು ಬೇರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು. ತಾನು ಬೆಲೆ ಹೇಳಿದ ವಸ್ತುವನ್ನು ತಾನು ಎಂದೂ ಇಟ್ಟುಕೊಳ್ಳಬಾರದು. ವಸ್ತುವನ್ನು ನೋಡಬೇಕೇ ಹೊರತು ಮನೆಯವರ ಮುಖ ನೋಡಬಾರದು. ನೆಂಟರ ಸಾಮಾನಿಗೆ, ಗುರುವಿನ ಸಾಮಾನಿಗೆ ಬಾಯಿ ಹಾಕಬಾರದು. ಮಮತೆ ಇದ್ದಲ್ಲಿ ಬೆಲೆ ಏರುತ್ತದೆ ಎನ್ನುವುದು ಮಂಡಳಿಯ ಅನುಭವ.

ನನ್ನ ಗುರು ಗುರುಸಿದ್ದಮ್ಮನವರು. ನಲವತ್ತು ವರ್ಷ ಈ ಕೆಲಸ ಮಾಡಿದ ಹೆಂಗಸು. ಅವರು ಹೇಳಿದ ಬೆಲೆಗೆ ಏಳದ ಸಾಮಾನು ಊರಿನಲ್ಲಿ ಇರಲಿಲ್ಲ. ಕಲಿಯಲು ಹೋದ ಮೊದಲ ವರ್ಷವಿಡೀ ನನ್ನ ಕೈಯಲ್ಲಿ ಪಾತ್ರೆ ಬೆಳಗಿಸಿದರು. ನಾನು ಗೊಣಗಿದಾಗ, "ಅಲ್ಲಯ್ಯ ಮರಿಸ್ವಾಮಿ, ಒಂದ್ ಚೊಂಬಿನ ತಳ ಹೆಂಗಿರುತ್ತೆ ಅಂತ ಕೈಗೆ ಗೊತ್ತಾಗ್ದೆ ಬಾಯಿಗೆ ಹೆಂಗ್ ಗೊತ್ತಾಗುತ್ತೆ?" ಎಂದಿದ್ದರು. ಅವರ ಬಲಗೈಯಲ್ಲಿ ಒಂದು ಕಡಗವಿತ್ತು, ದಪ್ಪನೆಯದು, ಹಳದಿ ಹೊಳಪಿನದು. ಯಾವ ಮನೆಗೆ ಹೋದರೂ ಪಾತ್ರೆಗೆ ಆ ಕಡಗವನ್ನು ಒಮ್ಮೆ ತಾಗಿಸುತ್ತಿದ್ದರು, ಆಮೇಲೆಯೇ ಮಾತು. ಊರಿನವರೆಲ್ಲ ಅದನ್ನು ಚಿನ್ನವೆಂದೇ ತಿಳಿದಿದ್ದರು. ಮದುವೆ ಮನೆಗಳಲ್ಲಿ ಹೆಂಗಸರು ಕಣ್ಣು ನೆಟ್ಟು ನೋಡುತ್ತಿದ್ದರು. ಗುರುಸಿದ್ದಮ್ಮನವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವರನ್ನು ಯಾರೂ ನೇರವಾಗಿ ಕೇಳಲೂ ಇಲ್ಲ, ನಾನಂತೂ ಕೇಳಲಿಲ್ಲ.

ಕೊನೆಯ ಎರಡು ವರ್ಷ ಅವರ ಜೊತೆಗಿದ್ದವಳು ತಂಗಿಯ ಮೊಮ್ಮಗಳು ವನಜಾ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಅವಳದು. ಕಣ್ಣು ಮುಚ್ಚಿಕೊಂಡು ಬೆರಳಿನಲ್ಲೇ ಇದು 'ಮ', ಇದು 'ವ' ಎಂದು ಹೇಳುವ ಹುಡುಗಿ. ಆ ದಿನ ಬೆಳಿಗ್ಗೆ ಅಜ್ಜಿಗೆ ಸ್ವಲ್ಪ ಗೆಲುವಾಗಿತ್ತಂತೆ. ಬಡಕಲಾದ ಕೈಯಿಂದ ಕಡಗ ಜಾರಿ ಜಾರಿ ಬೀಳುವುದನ್ನು ನೋಡಿ ನಕ್ಕು, ಅದನ್ನು ತೆಗೆದು ವನಜಾಳ ಕೈಗೆ ಏರಿಸಿದರಂತೆ. ಅವಳ ಕೈ ದುಂಡು. ಸೋಪು ಹಚ್ಚಿ ಏರಿಸಬೇಕಾಯಿತು. "ಹಿಂಗ್ ಹಿಡಿ, ನಿನ್ ಕೈಯಾಗೆ ಹೆಂಗ್ ಕಾಣುತ್ತೆ ನೋಡಣ" ಎಂದರಂತೆ. ಕೊಟ್ಟೆ ಎನ್ನಲಿಲ್ಲ, ನಿನ್ನದು ಎನ್ನಲಿಲ್ಲ. ನೋಡೋಣ ಎಂದವರು ನೋಡುತ್ತಲೇ ಹೋಗಿಬಿಟ್ಟರು.

ಕಡಗ ಗಾಳಿಯಲ್ಲಿ ಕೂತುಬಿಟ್ಟಿತು, ಮಂಚದಿಂದ ಒಂದು ಗೇಣು ಮೇಲೆ, ವನಜಾಳ ಮಣಿಕಟ್ಟನ್ನು ಒಳಗಿಟ್ಟುಕೊಂಡು.

ನಾನು ಹೋಗುವ ಹೊತ್ತಿಗೆ ಮನೆ ತುಂಬ ಜನ. ಹುಡುಗಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೈ ಚಾಚಿಕೊಂಡು ಕೂತಿದ್ದಳು. ಎಣ್ಣೆ, ಬೆಣ್ಣೆ, ಸೋಪು ಎಲ್ಲ ಆಗಿತ್ತು. ಮೊದಲ ಗಾಬರಿಯಲ್ಲಿ ಅವಳೇ ಎಳೆದಾಡಿಕೊಂಡಿದ್ದರಿಂದ ಕೈ ಊದಿ, ಕಡಗ ಮಾಂಸದೊಳಗೆ ಕಚ್ಚಿಕೊಂಡಿತ್ತು. ಅಜ್ಜಿಯ ದೇಹವನ್ನು ಅವಳ ತೋಳಿನ ಕೆಳಗಿನಿಂದ ಎತ್ತಿಕೊಂಡು ಹೋದರು. ಅವಳಿಗೆ ಎದ್ದು ನಿಲ್ಲುವುದೂ ಕಷ್ಟ, ಹಿಂದೆ ಹೋಗುವುದಂತೂ ದೂರದ ಮಾತು. ಕೂತಲ್ಲಿಂದಲೇ ಎಡಗೈ ಎತ್ತಿ ಮುಗಿದಳು. ಒಂದೇ ಕೈಯಲ್ಲಿ ಮುಗಿಯುವುದನ್ನು ನಾನು ಅದೇ ಮೊದಲು ನೋಡಿದ್ದು.

ಆಭರಣದ ಬಿಲ್ಲೆ ಊರಿನಲ್ಲಿ ಇರುವುದು ನಂಜುಂಡಾಚಾರ್ ಒಬ್ಬರಿಗೇ. ಅಕ್ಕಸಾಲಿಗರು, ಅನುಭವಿ, ಕೊಂಚ ಜಂಭದ ಮನುಷ್ಯ. ಆದರೆ ಕೆಲಸದಲ್ಲಿ ಪ್ರಾಮಾಣಿಕರು. ಬಂದವರೇ ಕನ್ನಡಕ ಏರಿಸಿ ಕಡಗವನ್ನು ಸುತ್ತಲೂ ನೋಡಿದರು. ಕೂತ ವಸ್ತುವನ್ನು ಒರೆಗೆ ಹಚ್ಚಲಾಗುವುದಿಲ್ಲ, ತೂಗಲಾಗುವುದಿಲ್ಲ. ಈ ಕಡಗವಂತೂ ಮಾಂಸಕ್ಕೆ ಕಚ್ಚಿಕೊಂಡಿದ್ದರಿಂದ ತಟ್ಟಿದರೆ ಸದ್ದನ್ನೂ ಮಾಡುತ್ತಿರಲಿಲ್ಲ. ಕಣ್ಣಿಗೆ ಕಂಡದ್ದಷ್ಟೇ ಆಧಾರ. ಆಚಾರ್ರು ದಪ್ಪ ನೋಡಿ, ಸುತ್ತಳತೆ ನೋಡಿ, ಗಂಟಲು ಸರಿಮಾಡಿಕೊಂಡು, "ನೂರಾ ತೊಂಬತ್ತು ದಿನ" ಎಂದರು.

ಕಡಗ ಅಲುಗಲಿಲ್ಲ. ಆಚಾರ್ರ ಮುಖ ಕೆಂಪಾಯಿತು. ಮತ್ತೆ ಬಗ್ಗಿ ನೋಡಿದರು. ವನಜಾ ನೋವು ತಡೆಯಲಾರದೆ ಒಮ್ಮೆ ಚೀರಿದಳು. ಅವರು ಅವಳ ಮುಖ ನೋಡಿದರು. ನಾನು ಹಿಂದೆ ನಿಂತಿದ್ದವನು ಮನಸ್ಸಿನಲ್ಲೇ ಅಯ್ಯೋ ಅಂದುಕೊಂಡೆ. ಅವಸರಕ್ಕೆ ಬಿದ್ದ ಆಚಾರ್ರು, "ಹಿತ್ತಾಳೆ, ಮೇಲೆ ಚಿನ್ನದ ನೀರು. ಆರು ದಿನ" ಎಂದುಬಿಟ್ಟರು. ಅದೂ ಅಲ್ಲ.

ಆಚಾರ್ರು ಅಂಗಿಯಿಂದ ಆಭರಣದ ಬಿಲ್ಲೆ ಬಿಚ್ಚಿ ಜೇಬಿಗೆ ಹಾಕಿಕೊಂಡು ಗೋಡೆಗೆ ಒರಗಿ ಕೂತರು. ಡಾಕ್ಟರು ಬೆರಳುಗಳನ್ನು ಒತ್ತಿ ನೋಡಿ ನನ್ನನ್ನು ಹೊರಗೆ ಕರೆದರು. "ದೀಪ ಹಚ್ಚೋ ಹೊತ್ತಿನೊಳಗೆ ಬಿಡಿಸ್ಕೊಳ್ಳಿ. ಆಮೇಲೆ ಕೈ ಉಳಿಯಲ್ಲ. ಉಳಿಸೋಕೆ ಹೋದ್ರೆ ಹುಡುಗಿ ಉಳಿಯಲ್ಲ" ಎಂದರು. ಮಂಡಳಿಯ ಕಾರ್ಯದರ್ಶಿ ಪುಟ್ಟಮಾದಯ್ಯ ನಿಯಮದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಅಲ್ಲೇ ನಿಂತಿದ್ದರು. ಹೊಳೆಯಾಚೆಯ ಊರಿನಿಂದ ಆಭರಣದವರನ್ನು ಕರೆತರಲು ಆಳು ಕಳಿಸಿದ್ದಾರಂತೆ, ನಾಳೆ ಬರುತ್ತಾರಂತೆ.

"ನಾಳೆ ಬಂದು ಏನ್ ಮಾಡ್ತಾರೆ ಸ್ವಾಮಿ?" ಎಂದೆ.

"ಮರಿಸ್ವಾಮಿ, ನೀನು ಏನ್ ಯೋಚ್ನೆ ಮಾಡ್ತಿದೀಯ ಅಂತ ನಂಗೊತ್ತು. ಬೇಡ. ನೀನು ಆಭರಣಕ್ಕೆ ಪಾಸಾಗಿಲ್ಲ. ಅದೂ ಹೋಗ್ಲಿ, ಆಕೆ ನಿನ್ ಗುರು. ನೀನು ಬಾಯಿ ಬಿಟ್ರೆ ಇರೋ ಬಿಲ್ಲೇನೂ ಹೋಗುತ್ತೆ. ತಪ್ಪಿ ಹೇಳಿದ್ರಂತೂ..." ಪುಟ್ಟಮಾದಯ್ಯ ಪುಸ್ತಕವನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು. ಅವರು ಕೆಟ್ಟವರಲ್ಲ. ನಿಯಮಗಳನ್ನು ಮಾಡಿದ್ದು ಸುಮ್ಮನೆಯೂ ಅಲ್ಲ. ರಸ್ತೆ ನಡುವಿನ ಸೈಕಲ್ಲಿಗೆ ಮೂರನೇ ಬೆಲೆ ಹೇಳಿದವನು ಸತ್ತವನ ಸ್ವಂತ ಅಣ್ಣ.

ಒಳಗೆ ಹೋಗಿ ವನಜಾಳ ಪಕ್ಕ ನೆಲದ ಮೇಲೆ ಕೂತೆ. "ಮರಿಸ್ವಾಮಣ್ಣ, ನಿಮಗೆ ಗೊತ್ತಾ ಇದರ ಬೆಲೆ?" ಎಂದು ಕೇಳಿದಳು. "ಗೊತ್ತಿಲ್ಲ ಕಣಮ್ಮ" ಎಂದೆ. ಅದು ನಿಜ. ಕಣ್ಣೆದುರಿಗಿದ್ದ ಕಡಗ ನನಗೆ ಏನನ್ನೂ ಹೇಳುತ್ತಿರಲಿಲ್ಲ. ಆದರೆ ಕಣ್ಣು ಮುಚ್ಚಿದರೆ ಬೇರೆಯೇ ಆಯಿತು. ಏಳು ವರ್ಷ, ಮುನ್ನೂರು ಮನೆ, ಪ್ರತಿ ಮನೆಯಲ್ಲಿ ಹತ್ತಿಪ್ಪತ್ತು ಪಾತ್ರೆ. ಪ್ರತಿ ಪಾತ್ರೆಗೂ ಆ ಕಡಗ ತಾಗಿದ ಸದ್ದು. ನಾನು ಅಲ್ಲಿಯವರೆಗೆ ಪಾತ್ರೆಯ ಸದ್ದನ್ನಷ್ಟೇ ಕೇಳಿಸಿಕೊಂಡಿದ್ದೆ, ನನಗೆ ಕಲಿಸಿದ್ದು ಅದನ್ನೇ. ಈಗ ಪಾತ್ರೆಯನ್ನು ಬಿಟ್ಟು ಕಡಗದ ಸದ್ದನ್ನು ನೆನಪಿಸಿಕೊಳ್ಳಲು ನೋಡಿದೆ. ತಾಮ್ರಕ್ಕೆ ತಾಗಿದಾಗಲೂ, ಹಿತ್ತಾಳೆಗೆ ತಾಗಿದಾಗಲೂ ಹಿಂದಿನಿಂದ ಒಂದು ಉದ್ದನೆಯ ಝಣ ಎನ್ನುವುದು ಉಳಿಯುತ್ತಿತ್ತು. ಚಿನ್ನ ಹಾಗೆ ಹಾಡುವುದಿಲ್ಲ. ಹಿತ್ತಾಳೆಯೂ ಅಷ್ಟು ಹೊತ್ತು ಹಾಡುವುದಿಲ್ಲ. ಅದು ಕಂಚು. ದಿನಾ ಹುಣಸೆಹಣ್ಣು ಹಾಕಿ ತಿಕ್ಕಿದ ಹಳೇ ಕಂಚು.

"ವನಜಾ, ಕಡಗದ ಒಳಮೈ ನಿನ್ನ ಚರ್ಮಕ್ಕೆ ಹೆಂಗೆ ತಾಗ್ತಿದೆ? ಎಲ್ಲಾ ಕಡೆ ಸಮವಾಗಿದೆಯಾ?"

ಅವಳು ಕಣ್ಣು ಮುಚ್ಚಿದಳು. ನೋವಿನ ನಡುವೆಯೂ ಅವಳ ಮುಖದಲ್ಲಿ ಮೊಳೆ ಜೋಡಿಸುವಾಗಿನ ಗಮನ ಬಂತು. "ಇಲ್ಲ. ಬೆರಳ ಕಡೆ ಅಂಚು ದಪ್ಪ ಇದೆ, ದುಂಡಗೆ. ತುಟಿ ಇದ್ದಂಗೆ. ಮೊಳಕೈ ಕಡೆ ಅಂಚು ಕತ್ತರಿಸಿ ಅರದಿಂದ ಉಜ್ಜಿದಂಗಿದೆ. ನಡುವೆ ಸುತ್ತಲೂ ಗೀರಿದೆ."

ಕಂಚಿನ ಬಟ್ಟಲು. ಬಟ್ಟಲಿನ ಬಾಯಂಚು. ಎಲ್ಲೋ ಒಡೆದ ಬಟ್ಟಲಿನ ಕಂಠವನ್ನು ಕತ್ತರಿಸಿ, ಅರ ಹಾಕಿ, ನನ್ನ ಗುರು ನಲವತ್ತು ವರ್ಷ ಕೈಗೆ ಹಾಕಿಕೊಂಡಿದ್ದರು. ಪಾತ್ರೆಗೆ ಪಾತ್ರೆಯನ್ನೇ ತಾಗಿಸಿ ಸದ್ದು ಕೇಳುವುದಕ್ಕೆ. ಅದು ಒಡವೆಯೇ ಅಲ್ಲ. ಕೈಯಲ್ಲಿತ್ತು ಎಂಬ ಒಂದೇ ಕಾರಣಕ್ಕೆ ನಾವೆಲ್ಲ ಆಭರಣದವರನ್ನು ಕರೆಸಿ ಕೂತಿದ್ದೆವು.

ಗೊತ್ತಾದ ಮೇಲೆ ನನ್ನ ಕಷ್ಟ ಹೆಚ್ಚಾಯಿತು. ಕಂಚಿನ ಬಟ್ಟಲಿನ ತುಂಡಿಗೆ ಎಷ್ಟು ಎಂದು ಪಾತ್ರೆಯ ಬಿಲ್ಲೆ ಇರುವ ಯಾರಾದರೂ ಹೇಳುತ್ತಾರೆ: ಅರ್ಧ ದಿನ. ಆದರೆ ನನ್ನ ಬಾಯಿಗೆ ಬಂದು ನಿಂತದ್ದು ಬೇರೆ. ಒಂದು ವರ್ಷ. ಆ ಕಡಗ ನನಗೆ ಸಿಗುವುದಾದರೆ ನಾನು ಒಂದು ವರ್ಷ ಕಲ್ಲು ಹೊರುತ್ತಿದ್ದೆ, ಅದು ಸುಳ್ಳಲ್ಲ. ನನಗೆ ಕಿವಿ ಕೊಟ್ಟದ್ದು ಅದು, ಅನ್ನ ಕೊಟ್ಟದ್ದು ಅದು. ವಸ್ತು ಏನೆಂದು ಚೆನ್ನಾಗಿ ಗೊತ್ತಿರುವ ಕೊಳ್ಳುವವನು ಎನ್ನುತ್ತದೆ ನಿಯಮ. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತಿತ್ತು? ಅರ್ಧ ದಿನ ಎನ್ನುವುದು ಅವರ ಹೆಣ ಮಣ್ಣಿಗೆ ಹೋದ ದಿನವೇ ಊರೆಲ್ಲರ ಎದುರು ಅವರ ಕೈಯನ್ನು ಬರಿದು ಮಾಡಿದಂತೆ ಕಂಡಿತು. ಹಾಗೆ ನೋಡಿದರೆ ಒಂದು ವರ್ಷ ಎನ್ನುವುದೇ ನ್ಯಾಯ. ನಾನು ಎದ್ದು ನಿಂತೆ. ಪುಟ್ಟಮಾದಯ್ಯ "ಮರಿಸ್ವಾಮೀ" ಎಂದು ಕೂಗಿದರು. ನನ್ನ ನಾಲಿಗೆಯ ಮೇಲೆ ಒಂದು ವರ್ಷ ಕೂತಿತ್ತು. ದೇವರಾಣೆಗೂ ಕೂತಿತ್ತು.

ಆಗ ನಾನು ನೋಡಬಾರದ್ದನ್ನು ನೋಡಿದೆ. ವಸ್ತುವನ್ನು ಬಿಟ್ಟು ವನಜಾಳ ಬೆರಳುಗಳನ್ನು ನೋಡಿದೆ. ಉಗುರಿನ ಸಂದಿಯಲ್ಲಿ ಪ್ರೆಸ್ಸಿನ ಶಾಯಿ ಇನ್ನೂ ಇತ್ತು. ಶಾಯಿ ಎಲ್ಲಿ ಮುಗಿದು ಚರ್ಮದ ಕಪ್ಪು ಎಲ್ಲಿ ಶುರುವಾಯಿತು ಎನ್ನುವುದು ತಿಳಿಯುತ್ತಿರಲಿಲ್ಲ. ಕಿರುಬೆರಳು ತನ್ನಷ್ಟಕ್ಕೆ ಸಣ್ಣಗೆ ನಡುಗುತ್ತಿತ್ತು.

"ಅರ್ಧ ದಿನ" ಎಂದೆ.

ಕಡಗ ಎದ್ದಿತು. ಎತ್ತಿ ಹಿಡಿದಿದ್ದ ಕೈ ಧೊಪ್ಪನೆ ಮಂಚದ ಮೇಲೆ ಬಿತ್ತು. ವನಜಾ ಕೂಗಿಕೊಂಡಳು, ಡಾಕ್ಟರು ಓಡಿಬಂದರು. ಸಣ್ಣ ಗರಗಸಕ್ಕೆ ಈಗ ಕಂಚು ಸುಮ್ಮನೆ ಮಣಿಯಿತು, ಕತ್ತರಿಸಿ ತೆಗೆದರು. ನಂಜುಂಡಾಚಾರ್ ಗೋಡೆಯ ಕಡೆ ತಿರುಗಿ ಅತ್ತರು. ಬಾಗಿಲಲ್ಲಿದ್ದ ಹೆಂಗಸರಲ್ಲಿ ಯಾರೋ ಒಬ್ಬರು, "ಅಷ್ಟೇನಾ? ಅಷ್ಟರದ್ದಾ ಇಷ್ಟ್ ವರ್ಷ ಮೆರೆಸಿದ್ದು?" ಎಂದರು. ನನಗೆ ಕಪಾಳಕ್ಕೆ ಹೊಡೆದಂತಾಯಿತು. ತಿರುಗಿ ಏನಾದರೂ ಅನ್ನೋಣವೆಂದರೆ ಬೆಲೆ ಹೇಳಿದವನೇ ನಾನು.

ವನಜಾಳ ಕೈ ಉಳಿಯಿತು. ಕಿರುಬೆರಳು, ಉಂಗುರದ ಬೆರಳು ಎರಡಕ್ಕೂ ಸ್ಪರ್ಶ ಹೋಯಿತು. ಮೊಳೆ ಜೋಡಿಸಲು ಮಿಕ್ಕ ಮೂರು ಸಾಕು, ಸ್ವಲ್ಪ ನಿಧಾನವಾಗುತ್ತದೆ ಎಂದು ಮತ್ತೆ ಕೆಲಸಕ್ಕೆ ಹೋದಳು. ಕತ್ತರಿಸಿದ ಕಡಗವನ್ನು ತಂದು, "ನೀವ್ ಇಟ್ಕಳಿ ಮರಿಸ್ವಾಮಣ್ಣ" ಎಂದಳು. ಬೆಲೆ ಹೇಳಿದ ವಸ್ತು ನನಗೆ ಎಂದೆಂದಿಗೂ ಸಲ್ಲುವುದಿಲ್ಲ ಎಂದೆ. ಅವಳು ಅದನ್ನು ತೆಗೆದುಕೊಂಡು ಹೋದಳು. ಒಂದು ವರ್ಷ ಎನ್ನುವ ಮಾತು ಎಷ್ಟು ಹತ್ತಿರ ಬಂದಿತ್ತು ಎಂದು ಅವಳಿಗೆ ಹೇಳಬೇಕೆಂದು ಎಷ್ಟೋ ಸಲ ಹೋದೆ. ಹೇಳಲಾಗದೆ ಬೇರೆ ಏನೋ ಮಾತಾಡಿ ಬಂದೆ.

ಮಂಡಳಿ ನನ್ನ ಎರಡೂ ಬಿಲ್ಲೆಗಳನ್ನು ತೆಗೆದುಕೊಂಡಿತು. ಮೂರು ತಿಂಗಳಾದ ಮೇಲೆ ಪುಟ್ಟಮಾದಯ್ಯ ಕರೆಸಿದರು. ಮೇಜಿನ ಮೇಲೆ ಬಿಲ್ಲೆಗಳನ್ನು ಇಟ್ಟುಕೊಂಡೇ ಕೂತಿದ್ದರು. "ಎಲ್ಲರೂ ನಿನ್ ಪರ ಇದಾರೆ ಕಣಯ್ಯ. ವಸ್ತು ಪಾತ್ರೇನೇ, ಪಾತ್ರೆಗೆ ನೀನು ಪಾಸು. ಗುರುವಿನ ವಿಷಯ ಒಂದೇ ತೊಡಕು. ಇಲ್ಲೊಂದು ಸಾಲಿದೆ, ಸಹಿ ಹಾಕು, ಬಿಲ್ಲೆ ತಗಂಡು ಹೋಗು" ಎಂದು ಒಂದು ಹಾಳೆ ಮುಂದೆ ತಳ್ಳಿದರು. ಅಚ್ಚು ಮಾಡಿದ ಹಾಳೆ. ಬೆಲೆ ಹೇಳುವಾಗ ನನ್ನ ಮನಸ್ಸಿನಲ್ಲಿ ಯಾವ ಮಮತೆಯೂ ಇರಲಿಲ್ಲ, ಕೇವಲ ತಿಳಿವಳಿಕೆಯಿಂದ ಹೇಳಿದೆನೆಂದು ಪ್ರಮಾಣ ಮಾಡುತ್ತೇನೆ ಎಂದಿತ್ತು.

ಪೆನ್ನು ಹಿಡಿದು ಆ ಸಾಲನ್ನು ಮತ್ತೆ ಓದಿದೆ. ತಿಳಿವಳಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ನನ್ನ ನಾಲಿಗೆಯನ್ನು ಹಿಡಿದು ನಿಲ್ಲಿಸಲಿಲ್ಲ. ಗುರುವಿನ ಮಮತೆ ಒಂದು ವರ್ಷ ಎನ್ನು ಎಂದು ನೂಕಿತು. ಆ ಹುಡುಗಿಯ ಬೆರಳಿನ ಮೇಲಿನ ಮಮತೆ ಅದನ್ನು ಹಿಂದಕ್ಕೆ ತಳ್ಳಿತು. ನಾನು ನಡುವೆ ನಿಂತಿದ್ದೆ ಅಷ್ಟೇ. ಆ ಕಿರುಬೆರಳು ನಡುಗದೆ ಇದ್ದಿದ್ದರೆ ವನಜಾಳ ಬಲಗೈ ಇವತ್ತಿಗೆ ಇರುತ್ತಿರಲಿಲ್ಲ. ನಾನು ಆ ಸಾಲನ್ನು ಹೊಡೆದು ಹಾಕಿ, ಕೆಳಗೆ 'ಮಮತೆಯಿಂದಲೇ ಹೇಳಿದೆ' ಎಂದು ಬರೆದು ಸಹಿ ಮಾಡಿದೆ.

ಪುಟ್ಟಮಾದಯ್ಯ ಓದಿದರು. "ಹುಚ್ಚಪ್ಪ, ಬೇರೆ ಹಾಳೆ ಕೊಡ್ತೀನಿ. ಬೆಲೆ ಸರಿಯಾಗೇ ಇತ್ತಲ್ಲೋ!"

"ಬೆಲೆ ಸರಿ ಇತ್ತು ಸ್ವಾಮಿ. ಇನ್ನೊಂದ್ ಮನೇಲೂ ಸರಿ ಇರುತ್ತೆ ಅಂತ ಹೇಳಕ್ಕಾಗಲ್ಲ" ಎಂದು ಎದ್ದುಬಂದೆ. ಹದಿನೆಂಟು ವರ್ಷದ ಕೆಲಸ ಅದು, ಬೇರೆ ಏನೂ ನನಗೆ ಬರುತ್ತಿರಲಿಲ್ಲ.

ಈಗ ಸಂತೆಯಲ್ಲಿ ಪಾತ್ರೆ ಮಾರುತ್ತೇನೆ. ಬದುಕಿರುವವರ ಸಾಮಾನು, ಯಾವುದೂ ಕೂರುವುದಿಲ್ಲ, ಏಳುವುದಿಲ್ಲ. ನಾನು ಒಂದು ಬೆಲೆ ಹೇಳಿದರೆ ಜನ ಇನ್ನೊಂದು ಹೇಳುತ್ತಾರೆ, ಎದ್ದು ಹೋಗುತ್ತಾರೆ, ತಿರುಗಿ ಬರುತ್ತಾರೆ. ಮೊದಮೊದಲು ಯಾರಾದರೂ ಚೌಕಾಸಿ ಮಾಡಿದರೆ ಎದೆ ಧಸಕ್ಕೆನ್ನುತ್ತಿತ್ತು, ಆಮೇಲೆ ರೂಢಿಯಾಯಿತು. ಹೋದ ವಾರ ವನಜಾ ಬಂದಿದ್ದಳು. ಅವಳು ಕೂತು ಪಾತ್ರೆಗಳನ್ನು ತಿರುವಿ ನೋಡುತ್ತಿದ್ದಾಗ, ಇಷ್ಟು ದಿನ ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿಬಿಟ್ಟೆ: ಆ ಸಂಜೆ ನನ್ನ ಬಾಯಿಗೆ ಬಂದಿದ್ದದ್ದು ಒಂದು ವರ್ಷ ಎಂದು. ಅವಳು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಸ್ವಲ್ಪ ಹೊತ್ತಾದ ಮೇಲೆ ಹೊರಗೆ ತೆಗೆದಳು. ಒಂದು ಸಣ್ಣ ಕಂಚಿನ ಲೋಟವನ್ನು ಅದೇ ಕೈಯಲ್ಲಿ ಎತ್ತಿಕೊಂಡು, "ಎಷ್ಟು ಹೇಳ್ತೀರಿ ಮರಿಸ್ವಾಮಣ್ಣ?" ಎಂದು ಕೇಳಿದಳು.

"ನೀನೇ ಹೇಳಮ್ಮ" ಎಂದೆ.